ಕಂಬ ಏಳು, ಮಾರು ಎರಡು

"ಕಳ್ಳನ ಅಕ್ಕನ ಮನೆಗೆ ಪೊಲೀಸರು ಬರೋದು ಹೊಸದೇನಲ್ಲ. ಬೂಟು ಬಿಚ್ಚಿ ಒಳಗೆ ಬಂದವರು ಮಾತ್ರ ನೀವೇ ಮೊದಲು," ಎಂದಳು ಬಲೆ ಹೆಣೆಯುವ ಹೆಂಗಸು, ಕೈಯ ಕೆಲಸದಿಂದ ಕಣ್ಣೆತ್ತದೆ.

ಇನ್‌ಸ್ಪೆಕ್ಟರ್ ಬಾಗಿಲ ಪಕ್ಕದಲ್ಲೇ ನಿಂತಳು. ಮರುಮಾತಾಡುವ ಹಕ್ಕು ತನಗಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಹನ್ನೊಂದು ದಿನಗಳ ಹಿಂದೆ ಈ ಹೆಂಗಸಿನ ತಮ್ಮ, ಕಾಮಗಾರಿ ಇಲಾಖೆಯ ಅಳತೆಗಾರ, ಮೀನುಗಾರರ ಜೆಟ್ಟಿಯ ಕೆಳಗೆ ತಲೆಯೊಡೆದು ಸತ್ತುಬಿದ್ದಿದ್ದ. 'ಕಬ್ಬಿಣ ಕದಿಯಲು ಇಳಿದು ಜಾರಿ ಬಿದ್ದಿದ್ದಾನೆ' ಎಂಬ ವರದಿಗೆ ಸಹಿ ಹಾಕಿದವಳು ಈ ಇನ್‌ಸ್ಪೆಕ್ಟರೇ.

ತಗಡಿನ ಮಾಡಿನ ತಗ್ಗು ಕೋಣೆ. ಗೋಡೆಯ ಉದ್ದಕ್ಕೂ ಮೊಳೆಗಳಿದ್ದವು, ಮೊಳೆಗಳ ಮೇಲೆ ಬಲೆಗಳಿರಲಿಲ್ಲ. ನೆಲದ ಮೇಲೆ ಒಂದೇ ಒಂದು ಹಳೆಯ ಬಲೆ ಹರಡಿತ್ತು.

"ಕೆಲಸ ಕಡಿಮೆಯಾ?"

"ಹನ್ನೊಂದು ದಿನದಿಂದ ಒಂದು ಬಲೆ ಬಂದಿಲ್ಲ. ಕಳ್ಳನ ಮನೇಲಿ ಹೆಣೆದ ಬಲೇಲಿ ಮೀನು ನಿಲ್ಲಲ್ವಂತೆ."

"ಮತ್ತೆ ಇದು?"

"ಇದು ನಮ್ಮದೇ, ಹರಿದು ಮೂಲೆ ಸೇರಿದ್ದು. ಬೆಳಿಗ್ಗೆ ಬಿಚ್ಚೋದು, ಸಂಜೆ ಹೆಣೆಯೋದು. ಕೈಗೆ ಕೆಲಸ ಕೊಡದಿದ್ರೆ ಅದು ಎದೆ ಬಡ್ಕೊಳ್ಳೋಕೆ ಹೋಗುತ್ತೆ ಅಮ್ಮ."

ಇನ್‌ಸ್ಪೆಕ್ಟರ್ ನೆಲದ ಮೇಲೆಯೇ ಕುಳಿತಳು. ಅವಳನ್ನು ಇಲ್ಲಿಗೆ ಎಳೆದು ತಂದದ್ದು ಒಂದು ಹಗ್ಗ. ಸತ್ತವನ ಸೊಂಟಕ್ಕೆ ಸುತ್ತಿದ್ದ ಆ ಹಗ್ಗದ ತುದಿಗೆ ಸೀಸದ ಗುಂಡಿತ್ತು; ಉದ್ದಕ್ಕೂ ಸಮ ಅಂತರದಲ್ಲಿ ಗಂಟುಗಳಿದ್ದವು. ಕಬ್ಬಿಣ ಕದಿಯುವವನಿಗೆ ಚೀಲ ಬೇಕು, ಗಾಡಿ ಬೇಕು, ಕತ್ತಲೆ ಬೇಕು. ಗಂಟು ಹಾಕಿದ ಹಗ್ಗವೇಕೆ? ಈ ಪ್ರಶ್ನೆ ಮೊದಲ ದಿನವೇ ಏಳಬೇಕಿತ್ತು. ಹನ್ನೊಂದನೆಯ ದಿನ ಎದ್ದಿತು.

"ನಿಮ್ಮ ತಮ್ಮನ ಹತ್ತಿರ ಗಂಟು ಹಾಕಿದ ಹಗ್ಗ ಇತ್ತಾ?"

ಹೆಂಗಸು ದಾರದ ಉಂಡೆ ಹಿಡಿದು ಎದ್ದು ನಿಂತಳು. ದಾರದ ತುದಿಯನ್ನು ಬಲಗೈ ಬೆರಳಿಗೆ ಸಿಕ್ಕಿಸಿ, ಎಡದೋಳನ್ನು ಹಕ್ಕಿಯ ರೆಕ್ಕೆಯಂತೆ ಪೂರ್ತಿ ಬಿಚ್ಚಿದಳು. ಬಿಚ್ಚುವಾಗ "ಮಾರು" ಎಂದಳು. ಮುಚ್ಚುವಾಗ "ಒಂದು" ಎಂದಳು. ಮತ್ತೆ ಬಿಚ್ಚಿದಳು.

"ಮಾರು... ಎರಡು. ಮಾರು... ಮೂರು."

ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿದಳು.

"ಇನ್ನೊಂದು ಸಲ ಹೇಳಿ."

"ಏನನ್ನ?"

"ಈಗ ಎಣಿಸಿದ್ರಲ್ಲ, ಹಾಗೇ."

"ಮಾರು ಒಂದು, ಮಾರು ಎರಡು. ಇದರಲ್ಲೇನಿದೆ? ಬೇರೆ ಕಡೆ ಒಂದು ಮಾರು, ಎರಡು ಮಾರು ಅಂತಾರೆ. ಈ ದಡದಲ್ಲಿ ತೋಳು ಬಿಚ್ಚುವಾಗ ಮಾರು, ಮುಚ್ಚುವಾಗ ಎಣಿಕೆ. ಉಸಿರು ತಪ್ಪಿದ್ರೂ ಲೆಕ್ಕ ತಪ್ಪಬಾರದು ನೋಡಿ."

ಸತ್ತವನ ಕಿಸೆಯಲ್ಲಿ ಒದ್ದೆಯಾದ ಪುಟ್ಟ ಡೈರಿ ಸಿಕ್ಕಿತ್ತು. ಅದು ಸಿಕ್ಕಿದ್ದು ಇನ್‌ಸ್ಪೆಕ್ಟರಿನ ಕೈಗೆ. ಶಾಯಿ ಹರಡಿದ ಅಕ್ಷರಗಳನ್ನು ದಡದ ಮೇಲೆ ಪಕ್ಕದಲ್ಲಿ ನಿಂತಿದ್ದ ದಫೇದಾರ ಓದಿ ಹೇಳಿದ್ದ. ಆ ಸಾಲುಗಳು ಅವಳಿಗೆ ಬಾಯಿಪಾಠವಾಗಿದ್ದವು. ಈಗ ಅವುಗಳನ್ನು ಮೆಲ್ಲನೆ ಒಪ್ಪಿಸಿದಳು:

"ಕಂಬ ಏಳು, ಮಾರು ಎರಡು. ಕಂಬ ಎಂಟು, ಮಾರು ಎರಡು. ಕಂಬ ಒಂಬತ್ತು, ಮಾರು ಒಂದು."

ಹೆಂಗಸಿನ ತೋಳುಗಳು ಗಾಳಿಯಲ್ಲೇ ನಿಂತವು. "ಇದನ್ನ ಎಲ್ಲಿ ನೋಡಿದ್ರಿ?"

"ನಿಮ್ಮ ತಮ್ಮನ ಡೈರೀಲಿ. ಯಾವ ಕಂಬದ ಹತ್ತಿರದ ಕಬ್ಬಿಣ ಎಷ್ಟು ಮಾರಬೇಕು ಅಂತ ಬರ್ಕೊಂಡಿದ್ದಾನೆ ಅಂತ... ನಾವು ತಿಳ್ಕೊಂಡ್ವಿ."

ಹೆಂಗಸು ತೋಳು ಇಳಿಸಿ ಅವಳನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಸಹಿಸಬಹುದಿತ್ತು.

"ಅಮ್ಮ, ಅದು ಮಾರಾಟದ ಮಾರು ಅಲ್ಲ. ತೋಳಿನ ಮಾರು. ಈ ದಡದಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರೋ ಮಾತು. ಒಂದು ಪದ ಓದೋಕೆ ಬರದೆ ನನ್ನ ತಮ್ಮನ್ನ ಕಳ್ಳ ಅಂದ್ರಾ?"

ಇನ್‌ಸ್ಪೆಕ್ಟರಿನ ತಂದೆ ಶಾಲೆಯ ಮೇಷ್ಟ್ರು. ಒಂದು ಪದಕ್ಕೆ ಎರಡು ಅರ್ಥವಿದ್ದರೆ ಸಂದರ್ಭವನ್ನು ನೋಡಿ ಆರಿಸಿಕೋ ಎಂದು ಅವರು ಹಲಗೆಯ ಮೇಲೆ ಬರೆದು ಕಲಿಸಿದ್ದರು. ಸತ್ತವನೊಬ್ಬ ಬಡ ನೌಕರ. ಸ್ಥಳದಲ್ಲಿ ಎರಡು ಕಂತೆ ಕಬ್ಬಿಣ ಕಾಣೆಯಾಗಿತ್ತು. ಬಡವನ ಕಿಸೆಯಲ್ಲಿ 'ಮಾರು' ಎಂಬ ಪದ ಸಿಕ್ಕಿದರೆ ಅದು ಕಳ್ಳತನವಲ್ಲದೆ ಇನ್ನೇನು? ಹೀಗೆ ಆರಿಸಿಕೊಂಡಿದ್ದಳು ಅವಳು. ವಿದ್ಯೆ ಕಲಿತವರು ಮಾಡುವ ತಪ್ಪಿಗೆ ಅಕ್ಷರ ಬಾರದವರು ದಂಡ ತೆರುವುದು ಈ ಲೋಕದ ಹಳೆಯ ಪದ್ಧತಿ.

"ಏನನ್ನ ಅಳೆದಿದ್ದ?"

"ಕಂಬದ ಅಂಗಿಯನ್ನ," ಎಂದು ಹೆಂಗಸು ಕುಳಿತಳು. "ಜೆಟ್ಟಿಯ ಹಳೇ ಮರದ ಕಂಬಗಳನ್ನ ಹುಳ ತಿಂದಿತ್ತು. ಸರ್ಕಾರ ಅನುದಾನ ಕೊಡ್ತು. ಪ್ರತಿ ಕಂಬದ ಸುತ್ತ ಸಮುದ್ರದ ನೆಲ ಮುಟ್ಟೋವರೆಗೆ ಕಾಂಕ್ರೀಟಿನ ಅಂಗಿ ತೊಡಿಸ್ಬೇಕು, ಅದೇ ದುರಸ್ತಿ. ನೆಲ ಇರೋದು ಮಾರು ನಾಲ್ಕಕ್ಕೆ."

"ಅಂಗಿ ಇರೋದು ಎರಡಕ್ಕೆ."

"ಒಂಬತ್ತನೇ ಕಂಬಕ್ಕೆ ಒಂದಕ್ಕೇ ಮುಗೀತು."

"ಅದರ ಕೆಳಗೆ?"

"ಹುಳ ತಿಂದ ಮರ."

ಕಂಬವು ಜೆಟ್ಟಿಯನ್ನು ಹೊರಬೇಕೆಂದು ಸರ್ಕಾರ ಕೊಟ್ಟ ಕಾಂಕ್ರೀಟನ್ನು ಈಗ ಆ ಹುಳುಕು ಕಂಬವೇ ಹೊತ್ತು ನಿಂತಿತ್ತು. ಹೊರಗಿನಿಂದ ನೋಡಿದವರಿಗೆ ನೀರಿನ ಮೇಲೆ ಎಲ್ಲವೂ ಹೊಸದು, ಎಲ್ಲವೂ ಬಿಳಿ.

"ಆ ಹಗ್ಗ ಅವನದೇನಾ?" ಎಂದು ಇನ್‌ಸ್ಪೆಕ್ಟರ್ ಮತ್ತೆ ಕೇಳಿದಳು. "ಗಂಟಿನಿಂದ ಗಂಟಿಗೆ ಆರಡಿ ನಾಲ್ಕು ಅಂಗುಲ. ನಾನೇ ಟೇಪು ಹಿಡಿದು ನೋಡಿದ್ದೆ."

"ಹಾಗಾದ್ರೆ ಅವನದಲ್ಲ. ಹಗ್ಗಕ್ಕೆ ಗಂಟು ಹಾಕೋದು ಅವರವರ ತೋಳಿಗೆ. ನನ್ನ ತಮ್ಮ ಗಿಡ್ಡ, ಅವನ ಮಾರು ಐದಡಿ ಮೀರಲ್ಲ. ಚಿಕ್ಕವನಿದ್ದಾಗ ನನ್ನ ಸೆರಗು ಹಿಡಿಯೋಕೂ ಹಾರಬೇಕಿತ್ತು." ಅವಳ ತುಟಿ ನಗುವ ಹಾಗೆ ಒಮ್ಮೆ ಅಲುಗಿ ನಿಂತಿತು. "ಆರಡಿ ಮೀರಿದ ಮಾರು ಈ ದಡದಲ್ಲಿ ಒಬ್ಬರದೇ. ಮೀನುಗಾರರ ಸಂಘದ ಅಧ್ಯಕ್ಷರದು. ಉದ್ದಣ್ಣ ಅಂತ ಸುಮ್ಮನೆ ಕರೀತಾರಾ?"

ಇನ್‌ಸ್ಪೆಕ್ಟರ್ ಎದ್ದಳು. ಹೊಸ್ತಿಲಲ್ಲಿ ಹೆಂಗಸು ಅವಳ ತೋಳು ಹಿಡಿದಳು.

"ನನಗೆ ಪರಿಹಾರ ಬೇಡ. ಕೊಂದವರನ್ನ ಹಿಡೀತೀರೋ ಬಿಡ್ತೀರೋ, ಅದೂ ನಿಮಗೇ ಬಿಟ್ಟಿದ್ದು. ಕಳ್ಳ ಅಂತ ಬರೆದಿದ್ದೀರಲ್ಲ, ಆ ಒಂದು ಪದ ಅಳಿಸಿ."

"ನಾನೇ ಅಳಿಸ್ತೀನಿ. ಡೈರಿ ಇದೆಯಲ್ಲ, ಅವನ ಕೈಬರಹವೇ ಸಾಕ್ಷಿ."

ಹೊರಗೆ ಮರದ ನೆರಳಿನಲ್ಲಿ ಜೀಪಿಗೆ ಒರಗಿ ದಫೇದಾರ ಕಡಲೆಕಾಯಿ ಸುಲಿಯುತ್ತಿದ್ದ. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ. ನಾಲ್ಕು ತಿಂಗಳ ಹಿಂದೆ ವರ್ಗವಾಗಿ ಬಂದ ಇನ್‌ಸ್ಪೆಕ್ಟರಿಗೆ ಬಾಡಿಗೆ ಮನೆ ಹುಡುಕಿಕೊಟ್ಟವನು, ಜ್ವರ ಬಂದಾಗ ಗಂಜಿ ತಂದುಕೊಟ್ಟವನು ಅವನೇ. ಜೆಟ್ಟಿಯ ಮೇಲೆ ಮಾತ್ರ ಅವನು ಒಂದು ದಿನವೂ ಕಾಲಿಟ್ಟಿರಲಿಲ್ಲ. 'ನೀರು ಕಂಡ್ರೆ ನನಗೆ ತಲೆ ಸುತ್ತುತ್ತೆ ಮೇಡಂ, ಬಕೆಟ್ಟಿನಲ್ಲಿದ್ರೂ ಅಷ್ಟೇ' ಎಂದು ಠಾಣೆಯವರನ್ನು ನಗಿಸುತ್ತಿದ್ದ.

"ದಫೇದಾರ್ರೇ, ಠಾಣೆಗೆ ಹೋಗಿ ಆ ಹಗ್ಗ ತಗೊಂಡು ಸಂಘದ ಕಚೇರಿಗೆ ಬನ್ನಿ."

"ಹಗ್ಗಾನಾ? ಅಧ್ಯಕ್ಷರನ್ನ ನೇಣಿಗೆ ಹಾಕ್ತೀರಾ ಹೇಗೆ? ಅವರ ಎತ್ತರಕ್ಕೆ ಮರ ಸಿಗೋದು ಕಷ್ಟ ಮೇಡಂ."

"ಹಗ್ಗದ ಒಟ್ಟು ಉದ್ದ ಎಷ್ಟು ಅಂತ ನಾವು ಬರೆದೇ ಇಲ್ಲ. ಮತ್ತೆ ಆ ಡೈರಿ. ಬೆಳಿಗ್ಗೆ ಕೊಟ್ಟೆನಲ್ಲ, ಮೇಲಿನ ಕಚೇರಿಗೆ ಕಳಿಸಿ ಅಂತ. ಕಳಿಸಬೇಡಿ. ಅದನ್ನೂ ತನ್ನಿ."

ಅವನು ಕೈಯಲ್ಲಿದ್ದ ಸಿಪ್ಪೆಯನ್ನು ಕೊಡವಿಕೊಂಡ. "ಆಗ್ಲಿ ಮೇಡಂ," ಎಂದ.

* * *

ಸಂಘದ ಕಚೇರಿಯಲ್ಲಿ ಎರಡು ಕುರ್ಚಿ, ಒಂದು ಮೇಜು, ಇಪ್ಪತ್ತೆರಡು ವರ್ಷಗಳ ಅರ್ಜಿಗಳ ನಕಲು ತುಂಬಿದ ತಗಡಿನ ಪೆಟ್ಟಿಗೆ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಯಾವ ಹಿರಿಯರ ಚಿತ್ರವೂ ಇರಲಿಲ್ಲ; ಅನುದಾನದ ಮಂಜೂರಾತಿ ಪತ್ರವಿತ್ತು. ಅದರ ಮೊಹರಿನ ಬಣ್ಣ ಬಿಸಿಲಿಗೆ ಮಾಸದಿರಲೆಂದು ಕಿಟಕಿಗೆ ಬಟ್ಟೆ ಕಟ್ಟಲಾಗಿತ್ತು.

ಅಧ್ಯಕ್ಷ ಎದ್ದು ನಿಂತಾಗ ತಲೆ ತೊಲೆಗೆ ತಾಕದಂತೆ ಬಾಗಬೇಕಾಯಿತು. ಇನ್‌ಸ್ಪೆಕ್ಟರ್ ಕುಳಿತುಕೊಳ್ಳದೆ ಟೇಪು ಹೊರತೆಗೆದಳು.

"ತೋಳು ಚಾಚಿ."

"ಯಾಕೆ? ಅಂಗಿ ಹೊಲಿಸ್ತೀರಾ?"

"ನಾನಲ್ಲ. ಬೇಕಾದ್ರೆ ಸರ್ಕಾರ ಹೊಲಿಸುತ್ತೆ. ಚಾಚಿ."

ನಗು ಅವನ ಮುಖದಿಂದ ಜಾರಿತು. ಅವನು ತೋಳುಗಳನ್ನು ಚಾಚಲಿಲ್ಲ; ಎರಡೂ ಕೈಗಳನ್ನು ಮಡಿಚಿ, ತಪ್ಪು ಮಾಡಿದ ಶಾಲೆಯ ಮಗುವಿನಂತೆ ಕಂಕುಳಲ್ಲಿ ಇಟ್ಟುಕೊಂಡ.

"ಅಳೆಯೋದು ಬೇಡ ಮೇಡಂ. ಆರಡಿ ನಾಲ್ಕು ಅಂಗುಲ. ಆ ಹಗ್ಗ ನನ್ನದೇ."

"ನೀವೇ ಅವನನ್ನ ಇಳಿಸಿದ್ರಾ?"

"ಅವನೇ ಇಳಿದ. ನಾನು ದೋಣೀಲಿ ಹಗ್ಗ ಹಿಡಿದಿದ್ದೆ. ಕಾಂಕ್ರೀಟು ಮುಗಿದಲ್ಲಿ ಜಗ್ಗೋದು ಅಂತ ಮಾತಾಗಿತ್ತು. ಮಾರು ಎರಡಕ್ಕೆ ಜಗ್ಗಿದ. ಮೇಲೆ ಬಂದಾಗ ನಾನೇ ಬೈದೆ, ಎಲ್ಲೋ ತಪ್ಪಿದೀಯ ಅಂತ. ಮತ್ತೆ ಇಳಿದ. ಮತ್ತೆ ಎರಡಕ್ಕೇ ಜಗ್ಗಿದ."

"ಆಮೇಲೂ ದುರಸ್ತಿ ಸರಿಯಾಗಿದೆ ಅಂತ ಸಂಘದ ಪತ್ರಕ್ಕೆ ಸಹಿ ಹಾಕಿದ್ರಿ."

"ಹಾಕಿದೆ."

"ಗೊತ್ತಿಲ್ಲದೆ?"

"ಗೊತ್ತಿದ್ದೇ."

ಜೆಟ್ಟಿಯ ತುದಿಯಲ್ಲಿ ಹೊಸದಾಗಿ ಕೂರಿಸಿದ ಐಸಿನ ಯಂತ್ರ ಗುಂಯ್ಗುಡುತ್ತಿತ್ತು.

"ಕೇಳ್ತಿದೆಯಾ?" ಎಂದ ಅವನು. "ದುರಸ್ತಿ ಮುಗೀತು ಅಂತ ನಾವು ಬರ್ಕೊಟ್ರೆ ಮಾತ್ರ ಅಭಿವೃದ್ಧಿಯ ಅನುದಾನ ಬರೋದು. ಅದು ನಿಯಮ. ಬರ್ಕೊಟ್ವಿ. ಯಂತ್ರ ಬಂತು, ಕ್ರೇನು ಬಂತು, ಹರಾಜು ಕಟ್ಟೆಗೆ ಮಾಡು ಬಂತು. ಎಲ್ಲಾನೂ ಆ ಕಂಬಗಳ ಮೇಲೇ ಹೇರಿದ್ರು. ಮೂಗಿಗಿಂತ ಮೂಗುತ್ತಿ ಭಾರ ಅನ್ನೋದು ಇದನ್ನೇ."

"ಹೇಳ್ಬಹುದಿತ್ತಲ್ಲ."

"ಯಾರಿಗೆ?" ಅವನು ಮೊದಲ ಬಾರಿಗೆ ದನಿಯೇರಿಸಿದ. "ಹೇಳಿದ್ರೆ ಏನಾಗುತ್ತೆ ಅಂತ ನಾನೇ ಹೇಳ್ತೀನಿ. ಕಾಮಗಾರಿ ಕಳಪೆ ಅಂತ ಕಡತ ತೆರೀತಾರೆ. ಮಿಕ್ಕ ಅನುದಾನ ವಾಪಸ್ ಹೋಗುತ್ತೆ. ಅಪಾಯ ಅಂತ ಹಲಗೆ ನೆಟ್ಟು ಜೆಟ್ಟಿಗೆ ಬೀಗ ಹಾಕ್ತಾರೆ. ತನಿಖೆ ಮುಗಿಯೋ ಹೊತ್ತಿಗೆ ನನ್ನ ಮೊಮ್ಮಗಳಿಗೆ ಮೊಮ್ಮಕ್ಕಳಾಗಿರ್ತಾರೆ. ಈ ಅಂಗಿ ತೊಡಿಸಿದ ಗುತ್ತಿಗೆದಾರ ಅಷ್ಟರಲ್ಲಿ ಇನ್ನೊಂದು ಊರಲ್ಲಿ ಇನ್ನೊಂದು ಜೆಟ್ಟಿ ಕಟ್ಟಿರ್ತಾನೆ. ನಮ್ಮ ಮೂವತ್ತೆಂಟು ದೋಣಿ ಎಲ್ಲಿಗೆ ಹೋಗಬೇಕು? ದೊಡ್ಡ ಬಂದರಿನವರು ನಮ್ಮನ್ನ ಹತ್ತಿರ ಸೇರಿಸ್ತಾರಾ?"

ಪ್ರಾಮಾಣಿಕನಿಗೆ ಹಸಿವನ್ನೂ ಸುಳ್ಳಿಗೆ ಅನ್ನವನ್ನೂ ಗೊತ್ತುಮಾಡಿದ ವ್ಯವಸ್ಥೆಯಲ್ಲಿ, ಸುಳ್ಳಾಡಿದವನನ್ನು ಹಿಡಿದು ದಂಡಿಸುವುದು ಸುಲಭ. ನಿಯಮವನ್ನು ಹಾಗೆ ಬರೆದವರನ್ನು ಹಿಡಿಯಲು ಯಾವ ಠಾಣೆಗೂ ಅಧಿಕಾರವಿಲ್ಲ. ಆದರೂ ಒಬ್ಬನು ಸತ್ತಿದ್ದ. ಅವನಿಗೂ ಮನೆಯಿತ್ತು, ಅವನಿಗೂ ಹಸಿವಿತ್ತು. ಅವನು ಸಹಿ ಹಾಕಿರಲಿಲ್ಲ.

"ಅವನು ಏನಂದ?"

ಅಧ್ಯಕ್ಷ ಕುರ್ಚಿಯಲ್ಲಿ ಕುಸಿದ. "ಯಂತ್ರಗಳು ಕೂತ ಮೇಲೆ ಮತ್ತೆ ಬಂದ. ಎರಡನೇ ಅನುದಾನ ಪೂರ್ತಿ ಬರಲಿ, ಆಮೇಲೆ ಇಬ್ಬರೂ ಸೇರಿ ಕೂಗೋಣ ಅಂದೆ. 'ಉದ್ದಣ್ಣ, ಅಷ್ಟರೊಳಗೆ ಬಿದ್ರೆ?' ಅಂದ. 'ಬೀಳಲ್ಲ ಕಣೋ' ಅಂದೆ. 'ನೀನು ಹೇಳಿದ್ದು ಕಂಬಕ್ಕೆ ಕೇಳ್ತಾ?' ಅಂದ. ಅದೇ ಕೊನೇ ಮಾತು. ಸಾಕ್ಷಿ ಬೇಕು ಅಂತ ನನ್ನ ಹಗ್ಗಾನ ಸೊಂಟಕ್ಕೆ ಸುತ್ಕೊಂಡು ಅವತ್ತು ಸಂಜೇನೇ ಹೊರಟ."

"ಎಲ್ಲಿಗೆ? ಗುತ್ತಿಗೆದಾರನ ಹತ್ರಾನಾ?"

"ಅಲ್ಲ ಮೇಡಂ. ಠಾಣೆಗೆ."

"ಯಾವ ಠಾಣೆಗೆ?"

ಅವನು ಆಶ್ಚರ್ಯದಿಂದ ನೋಡಿದ. "ಈ ದಡಕ್ಕಿರೋದು ಒಂದೇ ಠಾಣೆ ಅಲ್ವಾ?"

ಆ ಸಂಜೆ ಅವಳು ಠಾಣೆಯಲ್ಲಿರಲಿಲ್ಲ. ಮೇಲಿನ ಕಚೇರಿಯ ಸಭೆಗೆ ಹೋಗಿದ್ದಳು. ಮರುದಿನ ಮುಂಜಾನೆ ಬಂದಾಗ ಹೆಣ ಸಿಕ್ಕಿದ ಸುದ್ದಿ ಕಾದಿತ್ತು. ಯಾರೋ ದೂರು ತಂದಿದ್ದರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅಧ್ಯಕ್ಷರೇ, ಇನ್ನೊಂದು ಗಂಟೇಲಿ ದೋಣಿಗಳು ಬರ್ತವೆ. ಜೆಟ್ಟಿ ಮೇಲೆ ಎಷ್ಟು ಜನ ಸೇರ್ತಾರೆ?"

"ಹರಾಜಿನ ಹೊತ್ತಿಗೆ ಇನ್ನೂರು."

"ಈಗಲೇ ಮುಚ್ಚಿಸಿ."

"ನಾನು ಹೇಳಿದ್ರೆ ಕಲ್ಲು ಹೊಡೀತಾರೆ. ಸರಿಯಾಗಿದೆ ಅಂತ ಸಹಿ ಹಾಕಿದವನೇ ನಾನು. ಕಾಗದ ತೋರಿಸಿ, ಅವನ ಬರಹ ತೋರಿಸಿ. ಅದನ್ನ ಓದೋಕೆ ಈ ದಡದಲ್ಲಿ ಯಾರಿಗೂ ಮೇಷ್ಟ್ರು ಬೇಡ. ನಾನೇ ನಿಂತು ಓದ್ತೀನಿ, ಆಮೇಲೆ ನನ್ನನ್ನ ಕರ್ಕೊಂಡು ಹೋಗಿ."

"ಡೈರಿ ಈಗ ಬರುತ್ತೆ."

ಹೊರಗೆ ಜೀಪು ನಿಂತ ಸದ್ದಾಯಿತು. ದಫೇದಾರ ಬಾಗಿಲಲ್ಲಿ ಕಾಣಿಸಿಕೊಂಡ. ಹೆಗಲ ಮೇಲೆ ಹಗ್ಗದ ಸುರುಳಿಯಿತ್ತು.

"ತಗೊಳ್ಳಿ ಮೇಡಂ, ಉದ್ದ ಬರ್ಕೊಳ್ಳಿ. ಇದನ್ನ ಹೊತ್ತು ಹೊತ್ತು ನನ್ನ ಹೆಗಲು ಗಿಡ್ಡ ಆಯ್ತು."

ಇನ್‌ಸ್ಪೆಕ್ಟರ್ ಟೇಪು ಚಾಚಲು ಬಗ್ಗಿದಳು. ಅಧ್ಯಕ್ಷ ಹಗ್ಗದ ತುದಿ ಹಿಡಿಯಲು ಹೋಗಿ, ಸೀಸದ ಗುಂಡು ಬೆರಳಿಗೆ ತಾಕಿದೊಡನೆ ಬಿಟ್ಟುಬಿಟ್ಟ. ಗುಂಡು ನೆಲಕ್ಕೆ ಬಿದ್ದು ಉರುಳಿತು.

"ಬಿಡಿ ಬಿಡಿ, ಟೇಪು ಹಿಡಿದ್ರೆ ಸಂಜೆ ಆಗುತ್ತೆ," ಎಂದ ದಫೇದಾರ. ಹಗ್ಗವನ್ನು ಎತ್ತಿಕೊಂಡ. ತುದಿಯನ್ನು ಬಲಗೈ ಬೆರಳಿಗೆ ಸಿಕ್ಕಿಸಿದ. ಎಡದೋಳು ತಾನೇ ತಾನಾಗಿ, ರೆಕ್ಕೆಯಂತೆ ಬಿಚ್ಚಿಕೊಂಡಿತು.

"ಮಾರು... ಒಂದು. ಮಾರು... ಎರಡು. ಮಾರು... ಮೂರು."

ನಾಲ್ಕನೆಯದಕ್ಕೆ ತೋಳು ಬಿಚ್ಚಿದವನು ಕೋಣೆಯ ಮೌನವನ್ನು ಗಮನಿಸಿದ. ಬಿಚ್ಚಿದ ತೋಳು ಬಿಚ್ಚಿದಂತೆಯೇ ನಿಂತಿತು.

ಕಂಬ ಏಳು, ಮಾರು ಎರಡು. ಒದ್ದೆ ಡೈರಿಯನ್ನು ಹನ್ನೊಂದು ದಿನಗಳ ಹಿಂದೆ ಓದಿ ಹೇಳಿದ್ದು ಇದೇ ದನಿ. ಎಷ್ಟು ಮಾರಬೇಕು ಅಂತ ಬರ್ಕೊಂಡಿದ್ದಾನೆ ನೋಡಿ ಮೇಡಂ ಎಂದು, ತಲೆಯಾಡಿಸಿ, ಅಯ್ಯೋ ಪಾಪ ಎಂದು ಅರ್ಥ ಬಿಡಿಸಿ ಕೊಟ್ಟದ್ದೂ ಇದೇ ದನಿ.

"ದಫೇದಾರ್ರೇ," ಎಂದಳು ಇನ್‌ಸ್ಪೆಕ್ಟರ್. ಅವಳ ಮಾತು ಅವಳಿಗೇ ದೂರದಿಂದ ಕೇಳಿದಂತಿತ್ತು. "ಮಾರು ಹಾಕೋದು ಎಲ್ಲಿ ಕಲಿತ್ರಿ?"

ಉತ್ತರ ಕೊಟ್ಟವನು ಅಧ್ಯಕ್ಷ. "ಕಲಿಯೋದೇನು ಮೇಡಂ? ಇವನಪ್ಪನೇ ನನಗೆ ಮಾರು ಹಾಕೋದು ಕಲಿಸಿದ್ದು. ಇವನು ನಡೆಯೋಕೆ ಮೊದಲು ಈಜಿದವನು. ಯಾಕೆ, ನಿಮಗೆ ಗೊತ್ತಿಲ್ವಾ?"

ನೀರು ಕಂಡರೆ ತಲೆ ಸುತ್ತುತ್ತದೆ ಎಂದವನ ಮುಖವನ್ನು ಅವಳು ನೋಡಿದಳು. ಜೆಟ್ಟಿಯ ಮೇಲೆ ಅವನೇಕೆ ಒಂದು ದಿನವೂ ಕಾಲಿಡಲಿಲ್ಲವೆಂಬುದು ಈಗ ಅರ್ಥವಾಯಿತು. ಅವನಿಗೆ ಹೆದರಿಕೆ ನೀರಿನದಾಗಿರಲಿಲ್ಲ, ಕಂಬಗಳದಾಗಿತ್ತು.

"ಡೈರಿ ಕೊಡಿ."

ದಫೇದಾರ ತೋಳು ಮುಚ್ಚಿದ. ಆತುರವಿಲ್ಲದೆ ಹಗ್ಗವನ್ನು ಅಂಗೈ ಮತ್ತು ಮೊಣಕೈಗಳ ನಡುವೆ ಸುತ್ತತೊಡಗಿದ. ಜ್ವರದ ದಿನ ಗಂಜಿಯ ಬಟ್ಟಲು ಮುಂದಿಟ್ಟಾಗ ಇದ್ದ ಮೃದುತ್ವವೇ ಅವನ ದನಿಯಲ್ಲಿ ಈಗಲೂ ಇತ್ತು.

"ಯಾವ ಡೈರಿ ಮೇಡಂ?"

"ಬೆಳಿಗ್ಗೆ ನಾನೇ ನಿಮ್ಮ ಕೈಗೆ ಕೊಟ್ಟಿದ್ದು. ಹೆಣದ ಕಿಸೇಲಿ ಸಿಕ್ಕಿದ್ದು."

"ಅವತ್ತಿನ ಮಹಜರು ನೋಡಿ. ಹಗ್ಗ ಒಂದು, ಸೀಸದ ಗುಂಡು ಒಂದು, ಕೈಗಡಿಯಾರ ಒಂದು. ಅಷ್ಟೇ. ಬರೆದವನು ನಾನು," ಎಂದು ಅವನು ಒಂದು ಸುತ್ತು ಬಿಗಿದ. "ಓದಿ ಸಹಿ ಹಾಕಿದವರು ನೀವು."

ಅವಳು ಓದಿರಲಿಲ್ಲ.

ಕಿಟಕಿಗೆ ಕಟ್ಟಿದ್ದ ಬಟ್ಟೆಯ ಸಂದಿನಲ್ಲಿ ಜೆಟ್ಟಿ ಕಾಣುತ್ತಿತ್ತು. ಹೆಂಗಸರು ಬುಟ್ಟಿಗಳನ್ನು ತಲೆಯ ಮೇಲಿಟ್ಟು ಸಾಲಾಗಿ ನಡೆದುಹೋಗುತ್ತಿದ್ದರು. ಹೊತ್ತಿಗೆ ಮುಂಚೆಯೇ ಬಂದ ಮೊದಲ ದೋಣಿಯಿಂದ ಯಾರೋ ಹಗ್ಗ ಎಸೆದರು. ಮೇಲೆ ನಿಂತವನು ಅದನ್ನು ಹಿಡಿದು, ಏಳನೆಯ ಕಂಬಕ್ಕೆ ಬಿಗಿದು ಕಟ್ಟಿದ.